ಅಶೋಕ್ ಕುಮಾರನ ಮೇಲೊಂದು ಮೊಕದ್ದಮೆ

ಸಿನಿಮಾ ಕಳವು ತಡೆಯುವ ಮಸೂದೆಯೊಂದು ಬಂದಾಗ ಅಮೆರಿಕದಲ್ಲಿ ಇಡೀ ದಿನ ಅಂತರ್ಜಾಲವೇ ಮುಸುಕು ಹಾಕಿಕೊಂಡು ಕೂತಿತ್ತು. ಅಲ್ಲಿ ಬೇಡವೆಂದು ಬಿಸಾಡಿದ ಬೀಗ ನಮ್ಮ ಬಾಗಿಲಿಗೆ ಬಂದು ಬಿದ್ದದ್ದು ಯಾವಾಗ, ಯಾರ ಕೈಯಿಂದ?

2017ರ ಆಗಸ್ಟ್ ಎರಡನೇ ವಾರ. ಹಳೆಯ ಕನ್ನಡ ಪುಸ್ತಕ ಹುಡುಕುವ ಚಟ ಹತ್ತಿದವರಿಗೆ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣ ಹೆಚ್ಚುಕಡಿಮೆ ತವರುಮನೆ. ಕಚೇರಿ ಇರುವುದು ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಾದರೂ ಅದರ ಕಪಾಟಿನಲ್ಲಿ ನಮ್ಮ ಸರಕು ಬೇಕಾದಷ್ಟಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳ ಪ್ರತಿ ಅಲ್ಲಿ ಸಿಗುತ್ತದೆ. ಆ ಯೋಜನೆಯ ಮುಖ್ಯ ನೆಲೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಮರುಮುದ್ರಣ ಕಾಣದ ಕಾದಂಬರಿ, ಅಂಚು ಹುಳ ತಿಂದ ವ್ಯಾಕರಣ, ಯಾವ ಅಂಗಡಿಯಲ್ಲೂ ಸಿಗದ ಶಾಸನ ಸಂಪುಟ. ಆ ವಾರ ಭಾರತದಿಂದ ಆ ಬಾಗಿಲು ತಟ್ಟಿದ ಅನೇಕರಿಗೆ ಪುಸ್ತಕ ಸಿಗಲಿಲ್ಲ. ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಈ ವಿಳಾಸವನ್ನು ತಡೆಹಿಡಿಯಲಾಗಿದೆ ಎಂಬ ಒಣ ಸಾಲೊಂದು ಸಿಕ್ಕಿತು.

ಏನು ತಪ್ಪು ಮಾಡಿತ್ತು ಆ ಗ್ರಂಥಾಲಯ? ಎರಡು ಹಿಂದಿ ಸಿನಿಮಾಗಳು ಆಗ ತಾನೇ ತೆರೆಗೆ ಬಂದಿದ್ದವು, ‘ಜಬ್ ಹ್ಯಾರಿ ಮೆಟ್ ಸೇಜಲ್’ ಮತ್ತು ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’. ಅವುಗಳ ಕಳ್ಳಪ್ರತಿ ಹರಿದಾಡದಂತೆ ನಿರ್ಮಾಪಕರು ಮದ್ರಾಸ್ ಹೈಕೋರ್ಟಿನಿಂದ ಆದೇಶ ತಂದಿದ್ದರು. ಜೊತೆಗೆ ಕೊಟ್ಟ ಪಟ್ಟಿಯಲ್ಲಿ 2,600ಕ್ಕೂ ಹೆಚ್ಚು ವಿಳಾಸಗಳಿದ್ದವು. ಆ ಗುಂಪಿನಲ್ಲಿ ಆರ್ಕೈವ್ ಕೂಡ ಸೇರಿಹೋಗಿತ್ತು. ಜಾತ್ರೆಯಲ್ಲಿ ಜೇಬುಗಳ್ಳನನ್ನು ಹಿಡಿಯಲು ಬಂದ ಪೊಲೀಸರು ಪುಸ್ತಕದಂಗಡಿಯವನನ್ನೂ ವ್ಯಾನಿಗೆ ಹತ್ತಿಸಿದ ಹಾಗೆ. ತಮಗೆ ಮೊದಲು ಯಾರೂ ತಿಳಿಸಲಿಲ್ಲ, ಕಾರಣವೂ ಗೊತ್ತಾಗಲಿಲ್ಲ ಎಂದು ಆರ್ಕೈವಿನವರು ದೂರಿದರು. ಆಮೇಲೆ ತಡೆ ತೆರವಾಯಿತು. (ಆ ಸಂಗ್ರಹವೂ ಕೃತಿಸ್ವಾಮ್ಯದ ತಕರಾರುಗಳಿಂದ ಪೂರಾ ಹೊರತಲ್ಲ. ಆದರೆ ಅದು ಬೇರೆ ಮಾತು. ಶಾರುಖ್ ಖಾನ್ ಸಿನಿಮಾ ಕದ್ದ ಅಪವಾದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಇಂಥ ಮೊಕದ್ದಮೆಗಳಿಗೆ ನ್ಯಾಯಾಲಯದ ಓಣಿಗಳಲ್ಲಿ ಒಂದು ಹೆಸರಿದೆ. ಅಪರಾಧಿ ಯಾರೆಂದು ಗೊತ್ತಿಲ್ಲದಾಗ ಇಂಗ್ಲಿಷ್ ಕಾನೂನಿನವರು ಜಾನ್ ಡೋ ಎಂಬ ಕಲ್ಪಿತ ವ್ಯಕ್ತಿಯನ್ನು ಪ್ರತಿವಾದಿಯಾಗಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಅವನು ಅಶೋಕ್ ಕುಮಾರ್. ಹಿಂದಿ ಚಿತ್ರರಂಗದ ದಾದಾಮುನಿಯಲ್ಲ. ಮುಖ, ಊರು, ಮನೆ ನಂಬರು ಯಾವುದೂ ಇಲ್ಲದ ಅಶೋಕ್ ಕುಮಾರ್. 2002ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಪರವಾನಗಿ ಇಲ್ಲದೆ ಪಂದ್ಯ ತೋರಿಸುತ್ತಿದ್ದ ಕೇಬಲ್ ನಿರ್ವಾಹಕರ ಮೇಲೆ ದೆಹಲಿ ಹೈಕೋರ್ಟು ಈ ಬಗೆಯ ಆದೇಶ ಕೊಟ್ಟ ಮೇಲೆ ಅವನ ಮೇಲೆ ಬಿದ್ದ ಕೇಸುಗಳಿಗೆ ಲೆಕ್ಕವಿಲ್ಲ. ಅವನ ಪರವಾಗಿ ಯಾರೂ ವಕಾಲತ್ತು ಹಾಕುವುದಿಲ್ಲ. ಹಾಕುವುದಾದರೂ ಹೇಗೆ?

ಈ ಅಶೋಕ್ ಕುಮಾರನ ಪರವಾಗಿ ಒಂದೇ ಒಂದು ಸಲ, ಒಂದು ದೊಡ್ಡ ದೇಶ, ಬಾಯಿ ತೆರೆದು ಮಾತಾಡಿದ್ದುಂಟು. ಅದು ನಮ್ಮ ದೇಶವಲ್ಲ.

ಅರಳಿಕಟ್ಟೆಯ ಹಿರಿಯ ಸುಳ್ಳು ಹೇಳಬೇಕು

ಅಮೆರಿಕದ ಸಂಸತ್ತಿನಲ್ಲಿ 2011ರಲ್ಲಿ ಎರಡು ಮಸೂದೆಗಳು ಹುಟ್ಟಿದವು. ಮೇ ತಿಂಗಳಲ್ಲಿ ಸೆನೆಟಿನಲ್ಲಿ ಪ್ಯಾಟ್ರಿಕ್ ಲೇಹಿ ತಂದದ್ದು ‘ಪ್ರೊಟೆಕ್ಟ್ ಐಪಿ ಆ್ಯಕ್ಟ್’, ಕರೆಯುವ ಹೆಸರು ಪಿಪಾ. ಅಕ್ಟೋಬರ್ 26ರಂದು ಕೆಳಮನೆಯಲ್ಲಿ ಟೆಕ್ಸಸ್‌ನ ಲಾಮರ್ ಸ್ಮಿತ್ ಮಂಡಿಸಿದ್ದು ‘ಸ್ಟಾಪ್ ಆನ್‌ಲೈನ್ ಪೈರಸಿ ಆ್ಯಕ್ಟ್’, ಅಂದರೆ ಸೋಪಾ. ಸೋಪಾ, ಪಿಪಾ ಎಂದರೆ ಕುಂಟೆಬಿಲ್ಲೆ ಆಡುವ ಮಕ್ಕಳ ಹಾಡಿನ ಹಾಗೆ ಕೇಳಿಸುತ್ತದೆ. ಒಳಗಿದ್ದ ಹೂರಣ ಮಾತ್ರ ಖಾರದ್ದು. ಇವುಗಳಿಗೆ ಅಕ್ಕನೊಬ್ಬಳಿದ್ದಳು: 2010ರಲ್ಲಿ ಬಂದ ಕೋಯಿಕಾ ಎಂಬ ಮಸೂದೆ. ಸಮಿತಿಯಲ್ಲಿ 19 ಮತಗಳಿಂದ, ಎದುರು ಒಂದೂ ಇಲ್ಲದೆ, ದಾಟಿತ್ತು. ಆರೆಗನ್‌ನ ಸೆನೆಟರ್ ರಾನ್ ವೈಡನ್ ಒಬ್ಬರೇ ಅಡ್ಡ ನಿಂತು ಅದನ್ನು ತಡೆದರು.

ಮಸೂದೆ ತಂದವರ ನೋವು ಸುಳ್ಳಲ್ಲ. ಕದ್ದ ಸಿನಿಮಾ ಹಂಚುವ ತಾಣದ ಯಂತ್ರ ಇರುವುದು ಇನ್ಯಾವುದೋ ದೇಶದಲ್ಲಿ, ನಡೆಸುವವನು ಮತ್ತೊಂದು ದೇಶದಲ್ಲಿ. ಅಮೆರಿಕದ ಪೊಲೀಸರ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಕಳ್ಳ ಸಿಗದಿದ್ದರೆ ಅವನ ಮನೆಯ ದಾರಿಯನ್ನಾದರೂ ಮುಚ್ಚೋಣ ಎಂಬುದು ಅವರ ಯೋಚನೆ. ಅಟಾರ್ನಿ ಜನರಲ್ ನ್ಯಾಯಾಲಯದ ಆದೇಶ ತಂದರೆ ಇಂಟರ್ನೆಟ್ ಕಂಪನಿಗಳು ಆ ವಿಳಾಸವನ್ನು ತಡೆಯಬೇಕು, ಸರ್ಚ್ ಎಂಜಿನ್ನುಗಳು ಕೊಂಡಿ ತೆಗೆಯಬೇಕು. ಸೋಪಾದ ಮೂಲ ಕರಡಿನಲ್ಲಿ ಇನ್ನೊಂದು ಹೆಜ್ಜೆಯಿತ್ತು. ಹಕ್ಕುದಾರ ಖುದ್ದಾಗಿ ಒಂದು ನೋಟಿಸು ಕಳಿಸಿದರೆ ಸಾಕು, ಹಣ ಪಾವತಿ ಕಂಪನಿಗಳೂ ಜಾಹೀರಾತು ಜಾಲಗಳೂ 5 ದಿನದೊಳಗೆ ಆ ತಾಣದ ದುಡ್ಡಿನ ನಲ್ಲಿ ತಿರುಗಿಸಬೇಕು. ಎದುರು ಪಕ್ಷದವನು ತಕರಾರು ಸಲ್ಲಿಸಬಹುದಿತ್ತು, ಆದರೆ ಮೊದಲ ಪೆಟ್ಟು ಬೀಳಲು ನ್ಯಾಯಾಧೀಶರೇ ಬೇಕಿರಲಿಲ್ಲ.

ಎಂಜಿನಿಯರುಗಳನ್ನು ರೇಗಿಸಿದ್ದು ವಿಳಾಸ ತಡೆಯುವ ಭಾಗ. ಅದನ್ನು ಹೀಗೆ ಹೇಳಬಹುದು. ಊರ ನಡುವಿನ ಅರಳಿಕಟ್ಟೆಯ ಮೇಲೆ ಒಬ್ಬ ಹಿರಿಯ ಕೂತಿದ್ದಾನೆ. ಬಂದವರು ಇಂಥವರ ಮನೆ ಎಲ್ಲಿ ಎಂದು ಕೇಳುತ್ತಾರೆ, ಅವನು ಕೈ ತೋರಿಸುತ್ತಾನೆ. ಅಂತರ್ಜಾಲದಲ್ಲಿ ಆ ಹಿರಿಯನ ಹೆಸರು ಡಿಎನ್‌ಎಸ್. ನಾವು ಟೈಪು ಮಾಡುವ ಹೆಸರನ್ನು ಯಂತ್ರಕ್ಕೆ ತಿಳಿಯುವ ಅಂಕಿಗೆ ತಿರುಗಿಸಿ ಕೊಡುವುದು ಅವನ ಕೆಲಸ. ಕಳ್ಳನ ಮನೆ ಕೇಳಿದರೆ ಗೊತ್ತಿಲ್ಲ ಅನ್ನು, ಇಲ್ಲವೇ ಪೊಲೀಸ್ ಠಾಣೆಯ ಕಡೆ ಕೈ ತೋರಿಸು ಎಂದು ಮಸೂದೆ ಆ ಹಿರಿಯನಿಗೆ ಹೇಳುತ್ತಿತ್ತು. ಕಳ್ಳನ ಮನೆ ಎಲ್ಲೂ ಹೋಗುವುದಿಲ್ಲ. ದಾರಿ ಗೊತ್ತಿದ್ದವನು ಇನ್ನೊಂದು ಕಟ್ಟೆಯ ಹಿರಿಯನನ್ನು ಕೇಳಿಕೊಂಡು ಹೋಗುತ್ತಾನೆ. ಇಷ್ಟೇ ಆಗಿದ್ದರೆ ಕೆಲಸಕ್ಕೆ ಬಾರದ ಕಾನೂನು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸರಿಯಾಗಿ ಅದೇ ಹೊತ್ತಿನಲ್ಲಿ ಎಂಜಿನಿಯರುಗಳು ಡಿಎನ್‌ಎಸ್ಸೆಕ್ ಎಂಬ ವ್ಯವಸ್ಥೆ ಕೂರಿಸುತ್ತಿದ್ದರು: ಹಿರಿಯ ಹೇಳುವ ಪ್ರತಿ ಮಾತಿಗೂ ರುಜು ಇರಬೇಕು, ನಡುವೆ ಯಾರೂ ತಿದ್ದಬಾರದು, ಬ್ಯಾಂಕಿನ ಹೆಸರಿನಲ್ಲಿ ಮೋಸಗಾರನ ಮನೆಗೆ ಜನ ಹೋಗಬಾರದು. ಒಂದು ಕಡೆ ಹಿರಿಯನಿಗೆ ಪ್ರಮಾಣ ಮಾಡಿಸುವುದು, ಇನ್ನೊಂದು ಕಡೆ ಕಾನೂನಿನಿಂದಲೇ ಸುಳ್ಳು ಹೇಳಿಸುವುದು. ಸ್ಟೀವ್ ಕ್ರಾಕರ್, ಪಾಲ್ ವಿಕ್ಸಿ, ಡಾನ್ ಕಮಿನ್ಸ್ಕಿ ಸೇರಿ ಐವರು ತಜ್ಞರು 2011ರ ಮೇನಲ್ಲೇ ಈ ಇಬ್ಬಂದಿಯನ್ನು ಬರೆದು ಮುಂದಿಟ್ಟಿದ್ದರು.

ಓದಿದವರು ಎಷ್ಟು ಮಂದಿಯೋ. ನವೆಂಬರ್ 16ರಂದು ಕೆಳಮನೆಯ ನ್ಯಾಯಾಂಗ ಸಮಿತಿ ಸೋಪಾ ಮೇಲೆ ವಿಚಾರಣೆ ಕರೆಯಿತು. ಸಾಕ್ಷಿಗಳು ಆರು: ಕಾಪಿರೈಟ್ ಕಚೇರಿಯ ಮುಖ್ಯಸ್ಥೆ, ಹಾಲಿವುಡ್ ಸ್ಟುಡಿಯೋಗಳ ಸಂಘ, ಔಷಧ ಕಂಪನಿ ಫೈಜರ್, ಮಾಸ್ಟರ್‌ಕಾರ್ಡ್, ಕಾರ್ಮಿಕ ಒಕ್ಕೂಟ, ಮತ್ತು ಗೂಗಲ್. ನೇರವಾಗಿ ವಿರೋಧಿಸಿದ್ದು ಗೂಗಲ್ ಒಂದೇ. ಅಂತರ್ಜಾಲ ಕಟ್ಟಿದ ಒಬ್ಬ ಎಂಜಿನಿಯರನಿಗೂ ಅಲ್ಲಿ ಕುರ್ಚಿ ಇರಲಿಲ್ಲ. ಡಿಸೆಂಬರ್‌ನಲ್ಲಿ ಕಲಂ ಕಲಂ ಚರ್ಚೆಗೆ ಕೂತಾಗ ಸದಸ್ಯರು ಒಬ್ಬರಾದ ಮೇಲೊಬ್ಬರು ತಮಗೆ ತಾಂತ್ರಿಕ ವಿಷಯ ತಿಳಿಯದು ಎಂದು ಹೇಳಿಕೊಳ್ಳುತ್ತಲೇ ಮಸೂದೆಯನ್ನು ಎತ್ತಿಹಿಡಿದರು. ತಿಳಿದವರನ್ನು ಕರೆಸಿ ಕೇಳೋಣ ಎಂದು ಯೂಟಾದ ಜೇಸನ್ ಚಾಫೆಟ್ಸ್ ಅಂಗಲಾಚಿದ್ದು ಆ ದಿನದ ತಮಾಷೆಯಾಗಿ ಉಳಿಯಿತು. ಹೊಲ ನೋಡದವರು ಬಿತ್ತನೆಯ ಕಾನೂನು ಬರೆಯುವುದು ನಮಗೂ ಹೊಸದೇನಲ್ಲ.

ಕಾಕತಾಳೀಯ ನೋಡಿ. ಆ ವಿಚಾರಣೆ ನಡೆದ 2011ರ ನವೆಂಬರ್ 16ರಂದೇ ಚೆನ್ನೈನಲ್ಲಿ ಒಂದು ಹಾಡು ಯೂಟ್ಯೂಬಿಗೆ ಬಿತ್ತು. ಒರಟು ಪ್ರತಿಯೊಂದು ಸೋರಿಹೋಯಿತೆಂದು ಚಿತ್ರತಂಡ ಅವಸರದಲ್ಲಿ ಹಾಡನ್ನು ತಾನೇ ಅಧಿಕೃತವಾಗಿ ಬಿಡಬೇಕಾಯಿತು. ಅದೇ ಧನುಷ್ ಹಾಡಿದ ಕೊಲವೆರಿ. ಕೆಲವೇ ದಿನಗಳಲ್ಲಿ ಆಟೋದಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಂದರಲ್ಲಿ ಅದೇ. ಆ ಹಾಡಿದ್ದ ಚಿತ್ರದ ಹೆಸರು ‘3’. ಅದನ್ನು ನೆನಪಿಡಿ, ಮುಂದೆ ಬರುತ್ತದೆ.

ಬುಧವಾರ ಬೆಳಿಗ್ಗೆ ಹತ್ತೂವರೆ

2012ರ ಜನವರಿ 18, ಬುಧವಾರ. ವಾಷಿಂಗ್ಟನ್‌ನಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ನಮ್ಮಲ್ಲಿ ಬೆಳಿಗ್ಗೆ 10.30. ಕಚೇರಿಯಲ್ಲಿ ಕೂತು ಇಂಗ್ಲಿಷ್ ವಿಕಿಪೀಡಿಯ ತೆರೆದವರಿಗೆ ಪುಟ ಒಂದು ಗಳಿಗೆ ಮಿಂಚಿ ಕಪ್ಪಾಗಿಬಿಟ್ಟಿತು. ಜ್ಞಾನ ಉಚಿತವಾಗಿ ಸಿಗದ ಲೋಕವನ್ನು ಊಹಿಸಿಕೊಳ್ಳಿ ಎಂಬ ಅರ್ಥದ ಮಾತು, ಕೆಳಗೆ ಅಮೆರಿಕನ್ನರಿಗೆ ತಮ್ಮ ಜನಪ್ರತಿನಿಧಿಯನ್ನು ಹುಡುಕಿಕೊಳ್ಳಲು ಒಂದು ಖಾನೆ. 24 ಗಂಟೆ ಹಾಗೇ ಇತ್ತು. ಹೀಗೆ ಮಾಡಬೇಕೋ ಬೇಡವೋ ಎಂದು 1,800ಕ್ಕೂ ಹೆಚ್ಚು ವಿಕಿಪೀಡಿಯನ್ನರು ಮೊದಲೇ ಚರ್ಚೆ ಮಾಡಿ ತೀರ್ಮಾನಿಸಿದ್ದರು. ಸೋಪಾ ಮತ್ತು ಪಿಪಾ ಕುರಿತ ಲೇಖನಗಳನ್ನು ಮಾತ್ರ ತೆರೆದಿಟ್ಟಿದ್ದರು. ಮೊಬೈಲಿನಲ್ಲಿ ನೋಡಿದರೆ ಎಲ್ಲವೂ ಕಾಣುತ್ತಿತ್ತು, ಕಂಪ್ಯೂಟರಿನಲ್ಲೂ ಪುಟ ತೆರೆಯುವಾಗ ಎಸ್ಕೇಪ್ ಕೀಲಿ ಒತ್ತಿದರೆ ಕತ್ತಲು ಕವಿಯುತ್ತಿರಲಿಲ್ಲ. ಮುಷ್ಕರದ ದಿನ ಹಿಂಬಾಗಿಲಿಂದ ಹಾಲು ಮಾರಿದ ಹಾಗೆ, ಬೇಕೆಂದೇ ಬಿಟ್ಟ ಸಂದು.

ಆ ಒಂದು ದಿನದಲ್ಲಿ ಆ ಕಪ್ಪು ಪುಟವನ್ನು 16.2 ಕೋಟಿ ಸಲ ನೋಡಲಾಯಿತು. 80 ಲಕ್ಷಕ್ಕೂ ಹೆಚ್ಚು ಮಂದಿ ತಮ್ಮ ಪ್ರತಿನಿಧಿಯ ಫೋನ್ ನಂಬರು ಹುಡುಕಿದರು. ಗೂಗಲ್ ತನ್ನ ಹೆಸರಿನ ಮೇಲೆ ಕಪ್ಪು ಪಟ್ಟಿ ಬಳಿದುಕೊಂಡಿತು. ಅದರ ಮನವಿಗೆ 70 ಲಕ್ಷ ಸಹಿ ಬಿದ್ದವು. ರೆಡ್ಡಿಟ್ 12 ಗಂಟೆ ಮುಚ್ಚಿತು. ಮಸೂದೆಯನ್ನು ಬೆಂಬಲಿಸಿದ್ದ ವಿಳಾಸ ನೋಂದಣಿ ಕಂಪನಿ ಗೋಡ್ಯಾಡಿ, ಗಿರಾಕಿಗಳು ಗಂಟುಮೂಟೆ ಕಟ್ಟುವುದನ್ನು ಕಂಡು ಹಿಂದಿನ ಡಿಸೆಂಬರ್‌ನಲ್ಲೇ ಮಾತು ಬದಲಿಸಿತ್ತು. ಜನವರಿ 14ರಂದು ಶ್ವೇತಭವನದ ಮೂವರು ಅಧಿಕಾರಿಗಳು ವಿಳಾಸ ತಡೆಯುವ ಉಪಾಯಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದರು. ಅವರಲ್ಲೊಬ್ಬರು ಭಾರತ ಮೂಲದ ಅನೀಶ್ ಚೋಪ್ರಾ. ಲೇಹಿ, ಸ್ಮಿತ್ ಇಬ್ಬರೂ ಅಷ್ಟರಲ್ಲಿ ಆ ಭಾಗವನ್ನು ಕೈಬಿಡುವ ಮಾತಾಡಿದ್ದರು. ತಡವಾಗಿತ್ತು. ಬುಧವಾರ ಸಂಜೆಯೊಳಗೆ ಮಸೂದೆಯ ಜೊತೆಗಿದ್ದ ಸೆನೆಟರುಗಳೇ ಸಾಲಾಗಿ ಕಳಚಿಕೊಂಡರು. ಮಾರ್ಕೊ ರೂಬಿಯೊ ಫೇಸ್‌ಬುಕ್ಕಿನಲ್ಲಿ ಬರೆದು ಹೊರಬಂದರು. ಶುಕ್ರವಾರ, ಜನವರಿ 20, ಸೆನೆಟ್ ನಾಯಕ ಹ್ಯಾರಿ ರೀಡ್ ಮತದಾನ ಮುಂದೂಡಿದರು. ಮತ್ತೆ ಅದು ನಡೆಯಲಿಲ್ಲ.

ಈ ಕಥೆಯನ್ನು ದಾವೀದ–ಗೋಲಿಯಾತರ ಕಥೆಯಾಗಿ ಹೇಳುವ ರೂಢಿಯಿದೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಗೂಗಲ್ ಯಾವ ಅಳತೆಯಲ್ಲಿ ದಾವೀದ? ಅದಕ್ಕೂ ಲಾಬಿ ಇತ್ತು, ದುಡ್ಡಿತ್ತು, ಕೊಂಡಿಗಳನ್ನು ತೆಗೆಯದೆ ಇರುವುದರಲ್ಲಿ ಲಾಭವಿತ್ತು. ಎದುರು ಪಾಳೆಯದಲ್ಲಿ ಸ್ಟುಡಿಯೋ ಮಾಲೀಕರಷ್ಟೇ ಇರಲಿಲ್ಲ. ಲೈಟು ಹೊರುವವರು, ಸೆಟ್ ಬಡಿಯುವವರು, ಮೇಕಪ್ಪಿನವರ ಸಂಘಗಳೂ ಮಸೂದೆಯ ಪರ ಇದ್ದವು. ಅವರ ಪಿಂಚಣಿ, ಆರೋಗ್ಯ ವಿಮೆಗೆ ದುಡ್ಡು ಬರುವುದು ಡಿವಿಡಿ, ಟೀವಿ ಮಾರಾಟದ ಪಾಲಿನಿಂದ. ಅವರ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಹಾಲಿವುಡ್ ಸಂಘದ ಮುಖ್ಯಸ್ಥ, ಸ್ವತಃ ಹಳೆಯ ಸೆನೆಟರ್ ಕ್ರಿಸ್ ಡಾಡ್, ಟೀವಿಯಲ್ಲಿ ಕೂತು ತಮ್ಮ ದೇಣಿಗೆ ಬೇಕಾದವರು ತಮ್ಮ ಕಷ್ಟಕಾಲದಲ್ಲಿ ಕೈಬಿಟ್ಟರೆ ಮುಂದೆ ಚೆಕ್ ಕೇಳಬೇಡಿ ಎನ್ನುವ ಧಾಟಿಯಲ್ಲಿ ಗುಡುಗಿದ್ದು ಆ ಕಾರ್ಮಿಕರ ಕೇಸನ್ನು ಇನ್ನಷ್ಟು ಕೆಡಿಸಿತು.

ಮುಂದಿನ ತಿರುವು ಇನ್ನೂ ಚೆನ್ನಾಗಿದೆ. ಕತ್ತಲ ದಿನದ ಮರುದಿನವೇ, ಜನವರಿ 19ರಂದು, ಅಮೆರಿಕದ ನ್ಯಾಯ ಇಲಾಖೆ ಮೆಗಾಅಪ್‌ಲೋಡ್ ಎಂಬ ಭಾರಿ ತಾಣವನ್ನು ಮುಚ್ಚಿಸಿತು. ಅದರ ಒಡೆಯ ಕಿಮ್ ಡಾಟ್‌ಕಾಮ್‌ನನ್ನು ಸಾವಿರಾರು ಮೈಲಿ ದೂರದ ನ್ಯೂಜಿಲೆಂಡಿನ ಬಂಗಲೆಗೆ ನುಗ್ಗಿ ಪೊಲೀಸರು ಹಿಡಿದರು. ಹೊಸ ಕಾನೂನಿಲ್ಲದೆ ವಿದೇಶದಲ್ಲಿರುವವನನ್ನು ಮುಟ್ಟಲಾಗದು ಎಂದು ವರ್ಷವಿಡೀ ಹೇಳಿದ ಮೇಲೆ, ಹಳೆಯ ಕಾನೂನಿನಲ್ಲೇ ಮುಟ್ಟಿದ್ದರು.

ಯುರೋಪಿನಲ್ಲೂ ಅದೇ ಚಳಿಗಾಲ, ನಕಲು ಮತ್ತು ಕಳ್ಳಪ್ರತಿ ತಡೆಯುವ ಆಕ್ಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವಿರುದ್ಧ ಜನ ಹಿಮದಲ್ಲಿ ನಿಂತರು. ಪೋಲೆಂಡಿನ ಸಂಸದರು ಸದನದಲ್ಲೇ ಮುಖವಾಡ ತೊಟ್ಟರು. ಜುಲೈ 4ರಂದು ಯುರೋಪಿಯನ್ ಪಾರ್ಲಿಮೆಂಟು 478 ಮತಗಳಿಂದ ಅದನ್ನು ತಳ್ಳಿಹಾಕಿತು. ಪರ ಬಿದ್ದದ್ದು 39.

ಲೆಕ್ಕದ ಗೊಂಬೆ

ಪೈರಸಿ ಚರ್ಚೆ ಎಲ್ಲೇ ನಡೆಯಲಿ, ಮೊದಲು ಬಂದು ಕೂರುವುದು ಒಂದು ದೊಡ್ಡ ಅಂಕಿ. ಅಮೆರಿಕದಲ್ಲಿ ಶತಕೋಟಿ ಡಾಲರುಗಳ ನಷ್ಟದ ಮಾತು ಎಲ್ಲರ ಬಾಯಲ್ಲಿತ್ತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2010ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಮುಜುಗರದ್ದು: ಸರ್ಕಾರವೇ ಮತ್ತೆ ಮತ್ತೆ ಉಲ್ಲೇಖಿಸುತ್ತ ಬಂದ ಮೂರು ಅಂಕಿಗಳ ಮೂಲ ಹುಡುಕಿಕೊಂಡು ಹೋದರೆ ಎಲ್ಲಿಗೂ ತಲುಪುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ, ಕೊನೆಗೆ ಯಾರೂ ಎಣಿಸಿಲ್ಲ. ನಮ್ಮಲ್ಲಿ 2023ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದು ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟ. ಇಂಥ ಲೆಕ್ಕದಲ್ಲಿ ಕಳ್ಳಪ್ರತಿ ನೋಡಿದವನೊಬ್ಬೊಬ್ಬನೂ ಟಿಕೆಟ್ ಕೊಂಡೇ ನೋಡುತ್ತಿದ್ದ ಎಂದು ಹಿಡಿದರೆ ಒಂದು ಮೊತ್ತ ಬರುತ್ತದೆ, ಅರ್ಧ ಜನ ನೋಡುತ್ತಲೇ ಇರಲಿಲ್ಲ ಎಂದು ಹಿಡಿದರೆ ಇನ್ನೊಂದು.

ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟು ಸಂದುಗಳಲ್ಲಿ ಮೂರು ಸಿನಿಮಾ ಒಂದೇ ಸಿಡಿಯಲ್ಲಿ ಕೊಂಡು ತಂದ ಪಾಪಿಗಳಲ್ಲಿ ನಾನೂ ಒಬ್ಬ. ಕೊಂಡ ಎಷ್ಟೋ ಚಿತ್ರಗಳಿಗೆ ನಾನು ಟಿಕೆಟ್ ತೆಗೆಸುತ್ತಿರಲಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆ. ಕೆಲವಕ್ಕೆ ತೆಗೆಸುತ್ತಿದ್ದೆ, ಅದೂ ನಿಜ. ಮೊದಲ ವಾರವೇ ಗಳಿಸಬೇಕಾದ ಸಣ್ಣ ಬಜೆಟ್ಟಿನ ಕನ್ನಡ ಚಿತ್ರಕ್ಕೆ ಆ ‘ಕೆಲವು’ ಅನ್ನುವುದೇ ಸಾವು-ಬದುಕು. 20,000 ಕೋಟಿಯ ಹಿಂದೆ ಮರೆಯಾಗುವುದು ಈ ಚಿಕ್ಕ, ಖಚಿತವಾದ ಸಂಕಟ.

ನಮ್ಮಲ್ಲಿ ಸದ್ದಿಲ್ಲದೆ

‘3’ ಚಿತ್ರ ನೆನಪಿದೆಯಲ್ಲ? 2012ರ ಮೇ ತಿಂಗಳಲ್ಲಿ, ಅಮೆರಿಕದ ಗಲಾಟೆ ತಣ್ಣಗಾಗಿ ನಾಲ್ಕು ತಿಂಗಳಿಗೆ, ಭಾರತದ ಹಲವು ಇಂಟರ್ನೆಟ್ ಕಂಪನಿಗಳ ಗ್ರಾಹಕರಿಗೆ ವಿಮಿಯೊ, ಡೈಲಿಮೋಷನ್, ಪೇಸ್ಟ್‌ಬಿನ್ ತಾಣಗಳು ಇಡಿಯಾಗಿ ಕಾಣೆಯಾದವು. ಕಾರಣ, ‘3’ ಮತ್ತು ತೆಲುಗಿನ ‘ದಮ್ಮು’ ಚಿತ್ರಗಳಿಗಾಗಿ ಮದ್ರಾಸ್ ಹೈಕೋರ್ಟು ಅಶೋಕ್ ಕುಮಾರನ ಮೇಲೆ ಹೊರಡಿಸಿದ್ದ ಆದೇಶಗಳು. ಸೋರಿಹೋದ ಹಾಡನ್ನು ಅಂತರ್ಜಾಲಕ್ಕೆ ಬಿಟ್ಟೇ ದೇಶದ ಮನೆಮಾತಾದ ಚಿತ್ರದ ಹೆಸರಿನಲ್ಲಿ ಅಂತರ್ಜಾಲಕ್ಕೇ ಬೀಗ! ಸೋಪಾ ಕೇಳಿದ್ದ ತಡೆ ಇಲ್ಲಿ ಯಾವ ಮಸೂದೆಯೂ ಇಲ್ಲದೆ, ಸದನದಲ್ಲಿ ಒಂದು ಮಾತೂ ಆಡದೆ ಸಿಕ್ಕಿತ್ತು. ಜೂನ್ 9ರಂದು ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಮುಖವಾಡ ತೊಟ್ಟ ಯುವಕರು ಪ್ರತಿಭಟಿಸಿದರು, ಸಣ್ಣ ಸಣ್ಣ ಗುಂಪುಗಳು. ಆ ತಿಂಗಳ ಕೊನೆಗೆ ನ್ಯಾಯಾಲಯವೇ ಸ್ಪಷ್ಟಪಡಿಸಿತು: ಕದ್ದ ಪ್ರತಿ ಇರುವ ನಿರ್ದಿಷ್ಟ ಕೊಂಡಿಯನ್ನು ತಡೆಯಿರಿ, ಇಡೀ ತಾಣವನ್ನಲ್ಲ.

ಸ್ಪಷ್ಟನೆ ಎಷ್ಟು ದಿನ ನೆನಪಿತ್ತು ಎಂಬುದಕ್ಕೆ ಆರಂಭದ ಆರ್ಕೈವ್ ಕಥೆಯೇ ಸಾಕ್ಷಿ. 2018ರ ನವೆಂಬರ್‌ನಲ್ಲಿ ರಜನಿಕಾಂತರ ‘2.0’ ಬಂದಾಗ ಅದೇ ನ್ಯಾಯಾಲಯದಿಂದ ತಡೆಗೆ ಒಳಗಾದ ವಿಳಾಸಗಳ ಸಂಖ್ಯೆ 12,000 ದಾಟಿತ್ತು. ಹನ್ನೆರಡು ಸಾವಿರ ಮನೆ ತಟ್ಟಿ ನೋಡಿ ಬಂದವರು ಯಾರು ಎಂದು ಕೇಳಬಾರದು.

ಕೇಳಿದ ನ್ಯಾಯಮೂರ್ತಿ ಒಬ್ಬರಿದ್ದರು. 2016ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ‘ಢಿಶೂಂ’ ಚಿತ್ರದ ಅರ್ಜಿ ಬಂದಾಗ ಗೌತಮ್ ಪಟೇಲ್ ಸಾರಾಸಗಟು ತಡೆಗೆ ಒಪ್ಪಲಿಲ್ಲ. ಒಂದೊಂದು ಕೊಂಡಿಯನ್ನೂ ಪರಿಶೀಲಿಸಿ, ಪ್ರಮಾಣಪತ್ರದ ಮೇಲೆ ಪಟ್ಟಿ ಕೊಡಿ ಎಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ತಡೆಪುಟಗಳ ಮೇಲೆ ಕಳ್ಳಪ್ರತಿ ನೋಡಿದರೂ 3 ವರ್ಷ ಜೈಲು ಎನ್ನುವಂಥ ಎಚ್ಚರಿಕೆ ಕಾಣಿಸಿಕೊಂಡು ದೇಶವೆಲ್ಲ ಗಾಬರಿಯಾದಾಗ, ಸುಮ್ಮನೆ ನೋಡುವುದು ಅಪರಾಧವಲ್ಲ, ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು ಅಪರಾಧ ಎಂದು ಹೇಳಿ ಆ ಬರಹವನ್ನು ತಿದ್ದಿಸಿದವರೂ ಅವರೇ. ಆದರೆ ಗಾಳಿ ಬೀಸುತ್ತಿದ್ದುದು ಇನ್ನೊಂದು ದಿಕ್ಕಿಗೆ. 2019ರ ಏಪ್ರಿಲ್ 10ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮನಮೋಹನ್ ಹೊಸ ಹಾದಿ ತೆರೆದರು. ಒಂದು ತಾಣ ತಡೆದರೆ ಅದೇ ಸರಕಿನ ಇನ್ನೊಂದು ತಾಣ ಬೆಳಗಾಗುವಷ್ಟರಲ್ಲಿ ಏಳುತ್ತದೆ; ಪ್ರತಿ ಸಲ ಹೊಸ ದಾವೆ ಬೇಡ, ಜಂಟಿ ರಿಜಿಸ್ಟ್ರಾರ್ ಮುಂದೆ ಅರ್ಜಿ ಹಾಕಿ ಪಟ್ಟಿಗೆ ಸೇರಿಸಿ. ಕಾನೂನು ಲೋಕ ಇದನ್ನು ‘ಡೈನಮಿಕ್’ ತಡೆಯಾಜ್ಞೆ ಎನ್ನುತ್ತದೆ. ರಕ್ತಬೀಜಾಸುರನ ಒಂದೊಂದು ಹನಿಗೂ ಒಬ್ಬ ಅಸುರ ಏಳುವಾಗ ದೇವಿ ಬೇರೇನು ಮಾಡಿಯಾಳು? ನಿರ್ಮಾಪಕನ ಜಾಗದಲ್ಲಿ ನಿಂತರೆ ನನಗೂ ಹಾಗೇ ಅನ್ನಿಸುತ್ತದೆ. ಆದರೆ ಹೊಸದಾಗಿ ಎದ್ದದ್ದು ಅಸುರನೋ ದಾರಿಹೋಕನೋ ಎಂದು ತೆರೆದ ನ್ಯಾಯಾಲಯದಲ್ಲಿ ನೋಡುವ ಕೆಲಸ ಅಲ್ಲಿಗೆ ಸಡಿಲವಾಯಿತು.

ಗೂಂಡಾ ಪಟ್ಟಿಗೆ ಸಿಡಿ ಮಾರುವವನು

ಕರ್ನಾಟಕದ ದಾರಿ ಇನ್ನೂ ನೇರ. ತಮಿಳುನಾಡು 2004ರಲ್ಲೇ ವಿಡಿಯೊ ಕಳ್ಳರನ್ನು ಗೂಂಡಾ ಕಾಯ್ದೆಯೊಳಗೆ ತಂದಿತ್ತು. ನಮಗೂ ಅದೇ ಬೇಕು ಎಂದು ಗಾಂಧಿನಗರ ವರ್ಷಗಟ್ಟಲೆ ಕೇಳುತ್ತ ಬಂತು. 2014ರಲ್ಲಿ ಸಿದ್ದರಾಮಯ್ಯ ಸರ್ಕಾರ 1985ರ ಕಾಯ್ದೆಗೆ ತಿದ್ದುಪಡಿ ಮಾಡಿದಾಗ ಕಳ್ಳಭಟ್ಟಿಯವರು, ಜೂಜುಕೋರರು, ರೌಡಿಗಳು ಇದ್ದ ಸಾಲಿಗೆ ಆ್ಯಸಿಡ್ ದಾಳಿಕೋರರು, ಭೂಗಳ್ಳರು, ಲೈಂಗಿಕ ದೌರ್ಜನ್ಯಕೋರರ ಜೊತೆಗೆ ‘ಡಿಜಿಟಲ್ ಅಪರಾಧಿ’ಗಳೂ ‘ವಿಡಿಯೊ ಅಥವಾ ಆಡಿಯೊ ಪೈರೇಟ್’ಗಳೂ ಬಂದು ಸೇರಿದರು.

ಗೂಂಡಾ ಕಾಯ್ದೆ ಶಿಕ್ಷೆಯ ಕಾನೂನಲ್ಲ, ಮುನ್ನೆಚ್ಚರಿಕೆಯ ಬಂಧನದ ಕಾನೂನು. ಅಪರಾಧ ಸಾಬೀತಾಗಬೇಕಿಲ್ಲ, ಮಾಡುವ ಸಿದ್ಧತೆಯಲ್ಲಿದ್ದಾನೆ ಎಂಬ ಶಂಕೆಯ ಮೇಲೂ ಒಳಗೆ ಹಾಕಬಹುದು. ಸಲಹಾ ಮಂಡಳಿ ಒಪ್ಪಿದರೆ 12 ತಿಂಗಳವರೆಗೆ. ಕಾಪಿರೈಟ್ ಕಾಯ್ದೆಯಲ್ಲಾದರೆ 6 ತಿಂಗಳಿಂದ 3 ವರ್ಷದ ಶಿಕ್ಷೆ, ಆದರೆ ವಿಚಾರಣೆಯ ನಂತರ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯಂಥ ಸಂಸ್ಥೆಗಳು ಈ ತಿದ್ದುಪಡಿಯ ಅಪಾಯ ಬರೆದು ತೋರಿಸಿದವು. ಬೀದಿಗೆ ಯಾರೂ ಬರಲಿಲ್ಲ. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿ, ಮೂರನೇ ದಿನ ಇನ್ನೊಂದು ಸುದ್ದಿ. ಆ್ಯಸಿಡ್ ಎರಚಿದವನನ್ನೂ ಹಾಡಿನ ಸಿಡಿ ಮಾರುವವನನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದಾಗ ಎರಡನೆಯವನ ಪರ ಮಾತಾಡಲು ಯಾರಿಗೆ ಬಾಯಿ ಬರುತ್ತದೆ?

ಐದು ವರ್ಷ ಕಳೆದು, 2019ರ ಸೆಪ್ಟೆಂಬರ್ 12ರಂದು, ಸುದೀಪ್ ಅಭಿನಯದ ‘ಪೈಲ್ವಾನ್’ ಬಿಡುಗಡೆಯಾಯಿತು. ಹಿಂದೆಯೇ ಕಳ್ಳಪ್ರತಿಯ ಕೊಂಡಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ದೂರು ಸೈಬರ್ ಪೊಲೀಸರಿಗೆ ಹೋಯಿತು, ಬಂಧನವೂ ಆಯಿತು. ಆದರೆ ಕೊಂಡಿ ಹಂಚಿದ್ದರ ಹಿಂದೆ ದುಡ್ಡಿನ ಆಸೆಗಿಂತ ತಾರೆಯರ ಅಭಿಮಾನಿಗಳ ನಡುವಿನ ಜಿದ್ದು ಇತ್ತೆಂಬ ಮಾತೇ ಹೆಚ್ಚು ಓಡಾಡಿತು. ಹೀರೊ ಸೋಲಲಿ ಎಂದು ಸಿನಿಮಾ ಪುಕ್ಕಟೆ ಹಂಚುವವನನ್ನು ಹಾಲಿವುಡ್ಡಿನ ಯಾವ ಮಸೂದೆಯೂ ಕಲ್ಪಿಸಿಕೊಂಡಿರಲಿಕ್ಕಿಲ್ಲ. ಅವನ ಹಸಿವು ಬೇರೆ.

ಹಸಿವಿನ ಮಾತು ಬಂತಲ್ಲ, ಇನ್ನೊಂದು ಬಗೆಯ ಹಸಿವೂ ಇದೆ. ಹೊರದೇಶದ ಸಣ್ಣ ಊರಿನಲ್ಲಿರುವ ಕನ್ನಡಿಗನಿಗೆ ಥಿಯೇಟರಿಗೂ ಬಾರದ, ಯಾವ ಒಟಿಟಿಯೂ ಕೊಳ್ಳದ ಕನ್ನಡ ಚಿತ್ರ ನೋಡಬೇಕು ಅನ್ನಿಸಿದರೆ ದುಡ್ಡು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಟೆಲಿಗ್ರಾಂ ಗುಂಪೊಂದೇ ಬಾಗಿಲು ತೆರೆದಿರುತ್ತದೆ. ಅಂಗಡಿಯೇ ಇಲ್ಲದ ಊರಿನಲ್ಲಿ ಕಳ್ಳಮಾಲಿಗೆ ಗಿರಾಕಿ ಹುಟ್ಟುವುದನ್ನು ಯಾವ ಗೂಂಡಾ ಕಾಯ್ದೆ ತಡೆಯುತ್ತದೋ ತಿಳಿಯದು.

ಗದ್ದಲದ ನಡುವೆ ಒಂದು ಮಸೂದೆ

ದೆಹಲಿಯಲ್ಲಿ ಸಿನಿಮಾಟೋಗ್ರಾಫ್ ತಿದ್ದುಪಡಿ ಮಸೂದೆ 2019ರ ಫೆಬ್ರವರಿಯಲ್ಲಿ ಮೊದಲು ಮಂಡನೆಯಾಯಿತು. ಶಶಿ ತರೂರ್ ಅಧ್ಯಕ್ಷತೆಯ ಸ್ಥಾಯಿ ಸಮಿತಿ ಅದನ್ನು ನೋಡಿ 2020ರಲ್ಲಿ ವರದಿ ಕೊಟ್ಟಿತು. ಹೊಸ ರೂಪದಲ್ಲಿ 2023ರ ಜುಲೈ 20ರಂದು ರಾಜ್ಯಸಭೆಗೆ ಬಂತು, 27ರಂದು ಅಲ್ಲಿ ಪಾಸಾಯಿತು, 31ರಂದು ಲೋಕಸಭೆಯಲ್ಲಿ. ಆಗ ಸಂಸತ್ತು ಮಣಿಪುರದ ಹಿಂಸೆಯ ವಿಷಯದಲ್ಲಿ ಕುದಿಯುತ್ತಿತ್ತು. ಘೋಷಣೆಗಳ ನಡುವೆ ಲೋಕಸಭೆ ಧ್ವನಿಮತದಲ್ಲಿ ಮುಗಿಸಿತು. ಥಿಯೇಟರಿನಲ್ಲಿ ಕ್ಯಾಮೆರಾ ಹಿಡಿದು ಕದ್ದರೆ, ಕದ್ದದ್ದನ್ನು ತೋರಿಸಿದರೆ 3 ತಿಂಗಳಿಂದ 3 ವರ್ಷ ಸೆರೆ. 3 ಲಕ್ಷ ರೂಪಾಯಿಯಿಂದ ಹಿಡಿದು ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ನೂರು ಕೋಟಿಯ ಚಿತ್ರವಾದರೆ ದಂಡ 5 ಕೋಟಿ ಮುಟ್ಟಬಹುದು. ಆ ನವೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ 12 ಮಂದಿ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ದೂರು ಬಂದರೆ 48 ಗಂಟೆಯೊಳಗೆ ಕ್ರಮ, ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ.

ಕ್ಯಾಮೆರಾ ಹಿಡಿಯುವವನಿಗೆ ಶಿಕ್ಷೆಯಾಗಲಿ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಆ 48 ಗಂಟೆಯ ಬಗ್ಗೆ. ತಪ್ಪಾಗಿ ಮುಚ್ಚಿಸಿಕೊಂಡವನು ಯಾರ ಬಾಗಿಲು ತಟ್ಟಬೇಕು, ಎಷ್ಟು ಗಂಟೆಯಲ್ಲಿ ಅವನಿಗೆ ಉತ್ತರ ಸಿಗಬೇಕು? ಲಾಮರ್ ಸ್ಮಿತ್ ಮಸೂದೆಯನ್ನು ಅಮೆರಿಕನ್ನರು ಹಿಡಿದು ಜಗ್ಗಿದ್ದು ಇಂಥ ಪ್ರಶ್ನೆಗಳಿಗಾಗಿ. ನಮ್ಮಲ್ಲಿ ಅದನ್ನು ಕೇಳುವ ಜನ ಇರಲಿಲ್ಲವೆಂದಲ್ಲ. ಕೇಳುವುದಕ್ಕೆ ಒಂದು ಬುಧವಾರ ಸಿಗಲಿಲ್ಲ.

ಅಮೆರಿಕದಲ್ಲಿ ಈಗ ಅದೇ ಬೀಗ ಮತ್ತೆ ಅಂಗಡಿಗೆ ಬಂದಿದೆ. 2025ರ ಜನವರಿಯಲ್ಲಿ ವಿದೇಶಿ ಪೈರಸಿ ತಾಣಗಳನ್ನು ನ್ಯಾಯಾಲಯದ ಮೂಲಕ ತಡೆಯುವ ಹೊಸ ಮಸೂದೆಯೊಂದು ಕೆಳಮನೆಯಲ್ಲಿ ಮಂಡನೆಯಾಯಿತು. ತಂದವರು ಕ್ಯಾಲಿಫೋರ್ನಿಯಾದ ಜೋಯಿ ಲೋಫ್‌ಗ್ರೆನ್. 2011ರ ಆ ಸಮಿತಿಯಲ್ಲಿ ಸೋಪಾ ವಿರುದ್ಧ ಕೊನೆಯವರೆಗೂ ಹೋರಾಡಿದ್ದ ಅದೇ ಲೋಫ್‌ಗ್ರೆನ್. ಈ ಸಲ ತಂತ್ರಜ್ಞಾನ ಕಂಪನಿಗಳ ಜೊತೆಗೂ ಸಿನಿಮಾದವರ ಜೊತೆಗೂ ಕೂತು ಬರೆದದ್ದು, ನ್ಯಾಯಾಧೀಶರ ಆದೇಶವಿಲ್ಲದೆ ಏನೂ ನಡೆಯುವುದಿಲ್ಲ ಎನ್ನುವುದು ಅವರ ಸಮರ್ಥನೆ. ಹಳೆಯ ಗೆಳೆಯರಲ್ಲಿ ಕೆಲವರು ಮುನಿಸಿಕೊಂಡಿದ್ದಾರೆ. ಮುನಿಸೋ ಒಪ್ಪಿಗೆಯೋ, ಮತ್ತೊಮ್ಮೆ ಎದುರಾಎದುರು ಮಾತಂತೂ ಶುರುವಾಗಿದೆ.

ಇತ್ತ ನಮ್ಮ ಅಶೋಕ್ ಕುಮಾರನಿಗೆ ಹೊಸದೊಂದು ಆರೋಪ ಅಂಟಿಕೊಂಡಿದೆ. 2023ರ ಆಗಸ್ಟ್‌ನಲ್ಲಿ ದೊಡ್ಡ ದೊಡ್ಡ ಹಾಲಿವುಡ್ ಸ್ಟುಡಿಯೋಗಳು ತಂದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ತಡೆಯಾಜ್ಞೆಯನ್ನು ಮುಂದೆ ಹುಟ್ಟಲಿರುವ ಕೃತಿಗಳಿಗೂ ಹಿಗ್ಗಿಸಿದರು. ಸಿನಿಮಾ ತಯಾರಾದ ಕ್ಷಣದಿಂದಲೇ ಅದಕ್ಕೆ ರಕ್ಷಣೆ, ಬೇರೆ ದಾವೆ ಬೇಕಿಲ್ಲ. ಇನ್ನೂ ಕಥೆ ಬರೆದು ಮುಗಿಯದ, ಮುಹೂರ್ತಕ್ಕೆ ತೆಂಗಿನಕಾಯಿ ಕೂಡ ಒಡೆಯದ ಚಿತ್ರವನ್ನು ಕದಿಯಬಹುದಾದವನ ಹೆಸರು ಈಗಾಗಲೇ ಕಡತದಲ್ಲಿದೆ.